ಜಗನ್ಮೋಹನ ಸಭಾಮಂಟಪವೂ ನಾಟ್ಯಗೃಹದ ಲಕ್ಷಣವೂ

ಕಾವ್ಯವನ್ನು ವಿಮರ್ಶಿಸುವವರು ಬಹುಮಂದಿ. ದೃಶ್ಯಕಾವ್ಯವು ಕಣ್ಣಿಗೂ ಕಿವಿಗೂ ಗೋಚರವಾಗುವ ಮನೆಯನ್ನು ವಿಮರ್ಶಿಸುವವರು ವಿರಳ. ನಾಟಕಕ್ಕೆ ಕವಿಯೂ ನಟನೂ ಎಷ್ಟು ಅವಶ್ಯಕರೋ ರಂಗಶಾಲೆಯೂ ಅಷ್ಟೇ ಅವಶ್ಯಕವಾದುದು. ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ರಸಿಕರು ಮೈಸೂರು ನಗರಕ್ಕೆ ಹೋದಾಗ ಹೊಕ್ಕು ಬರುವ ಹಳೆಯ ಸಭಾಗೃಹಗಳಲ್ಲಿ ಜಗನ್ಮೋಹನ ಅರಮನೆಯ ಮಂಟಪವು ಪ್ರಸಿದ್ಧವಾದುದು. ಅದರ ಗುಣದೋಷಗಳನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದು.

ಈ ಅರಮನೆಯನ್ನು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. 1897ರಲ್ಲಿ ಹಳೆಯ ಅರಮನೆಯು ಅಗ್ನಿಗೆ ಆಹುತಿಯಾಗಲು, ರಾಜಪರಿವಾರಕ್ಕೆ ಇದೇ ಆಶ್ರಯವಾಯಿತು. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹದ ಕಾಲಕ್ಕೆ ಸಭಾಮಂಟಪವೂ ಇದಕ್ಕೆ ಸೇರಿತು. 1902ನೆಯ ಆಗಸ್ಟ್ 8ರಂದು ಲಾರ್ಡ್ ಕರ್ಜನನ ಸಮ್ಮುಖದಲ್ಲಿ ಅವರು ರಾಜ್ಯಾಧಿಕಾರವನ್ನು ವಹಿಸಿಕೊಂಡದ್ದು ಈ ಮಂಟಪದಲ್ಲಿ. 1907ರಲ್ಲಿ ನ್ಯಾಯವಿಧಾಯಕ ಸಭೆಯ ಮೊದಲ ಅಧಿವೇಶನವೂ, 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯದ ಆದಿಯ ಘಟಿಕೋತ್ಸವಗಳೂ ಇಲ್ಲಿಯೇ ನಡೆದುವು. ಇಷ್ಟು ಇತಿಹಾಸವನ್ನು ಕಂಡ ಛಾವಣಿಯು ಈ ಸೀಮೆಯಲ್ಲಿ ಅಪರೂಪ.

ಆದರೆ ಈ ಪಟ್ಟಿಯಲ್ಲಿ ಮದುವೆಯುಂಟು, ಪಟ್ಟವುಂಟು, ಶಾಸನಸಭೆಯುಂಟು. ನಾಟಕವು ಕಟ್ಟಡದ ಮೂಲೋದ್ದೇಶವಾಗಿರಲಿಲ್ಲ. ಕನ್ನಡ ನಾಟಕವು ಅರಮನೆಯಲ್ಲಿ ಏಳಿಗೆಗೆ ಬಂದುದು ಅದಕ್ಕೂ ಮುಂಚೆ. ಚಾಮರಾಜ ಒಡೆಯರ ಪ್ರೋತ್ಸಾಹದಿಂದ ನಾಟಕ ಮಂಡಳಿಯು ಹುಟ್ಟಿತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಶಾಸ್ತ್ರಿಗಳು 1891ರಲ್ಲಿಯೂ ಒಡೆಯರು 1894ರಲ್ಲಿಯೂ ಕಾಲವಾದರು. ಮಂಟಪವು ಎದ್ದುದು ಆ ಬಳಿಕ. ಎಂದರೆ ನಾಟಕವಿದ್ದಾಗ ಈ ಮಂಟಪವಿರಲಿಲ್ಲ. ಮಂಟಪವು ಬಂದಾಗ ಅದು ಒಡ್ಡೋಲಗಕ್ಕಾಗಿ ಬಂದಿತು.

ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ನಾಟ್ಯಗೃಹಗಳನ್ನು ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಆಕಾರದಿಂದಲೂ, ಜ್ಯೇಷ್ಠ, ಮಧ್ಯಮ, ಕನಿಷ್ಠವೆಂದು ಪ್ರಮಾಣದಿಂದಲೂ ವಿಭಾಗಿಸುತ್ತಾನೆ. ಮನುಷ್ಯರಿಗೆ ತಕ್ಕುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗೃಹ. ಹಸ್ತವನ್ನು ಒಂದೂವರೆ ಅಡಿಯೆಂದೆಣಿಸಿದರೆ ಇದು 96 ಅಡಿ ಉದ್ದ, 48 ಅಡಿ ಅಗಲವಾಗುತ್ತದೆ. ಅದರಲ್ಲಿಯೂ ಅರ್ಧವು ನೇಪಥ್ಯಕ್ಕೂ ರಂಗಕ್ಕೂ ಸಲ್ಲುವುದರಿಂದ, ಕೊನೆಯ ಸಾಲಿನ ಪ್ರೇಕ್ಷಕನೂ ರಂಗದಿಂದ ಸುಮಾರು 48 ಅಡಿಯೊಳಗೇ ಇರುತ್ತಾನೆ. ಇದಕ್ಕಿಂತ ದೊಡ್ಡದಾದರೆ ಪಾಠ್ಯವು ವಿಸ್ವರವಾಗುವುದೆಂದೂ, ಮುಖದ ಭಾವವು ಅಸ್ಪಷ್ಟವಾಗುವುದೆಂದೂ ಮುನಿಯು ಕಾರಣವನ್ನು ಕೊಟ್ಟಿದ್ದಾನೆ. ಮಂಟಪವು ಗಿರಿಗುಹೆಯಂತಿದ್ದು ಗಾಳಿಯ ಸಂಚಾರವು ಮಿತವಾಗಿರಬೇಕೆಂಬುದೂ ಧ್ವನಿಯ ಗಾಂಭೀರ್ಯಕ್ಕಾಗಿಯೇ.

ಒಡ್ಡೋಲಗದ ನ್ಯಾಯವೇ ಬೇರೆ. ಅಲ್ಲಿ ಎಲ್ಲರ ದೃಷ್ಟಿಯೂ ಸಿಂಹಾಸನದ ಮೇಲೆ; ಪ್ರಭುವು ಮಾತನಾಡಬೇಕಾದುದಿಲ್ಲ, ಕಂಡರೆ ಸಾಕು. ಎತ್ತರವೂ ದೂರವೂ ಅಲ್ಲಿ ಘನತೆಯನ್ನು ಹೆಚ್ಚಿಸುತ್ತವೆ. ನಾಟಕದಲ್ಲಿ ಅದೇ ದೂರವು ರಸವನ್ನು ಕೆಡಿಸುತ್ತದೆ. ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನಿಂದ ತಿರಸ್ಕೃತಳಾದವಳ ವೈವರ್ಣ್ಯ, ವೇಪಥು, ಸ್ವರಭೇದಗಳು ಹಿಂದಿನ ಸಾಲಿಗೆ ಮುಟ್ಟದಿದ್ದರೆ ಅಲ್ಲಿ ಕುಳಿತವನು ಕಥೆಯನ್ನು ತಿಳಿದಾನು, ಕರುಣವನ್ನು ಅನುಭವಿಸಲಾರನು.

ಧ್ವನಿವರ್ಧಕವು ಬಂದಿರುವಾಗ ಈ ಚಿಂತೆಯೇಕೆಂದು ಕೇಳುವವರುಂಟು. ಯಂತ್ರವು ದನಿಯನ್ನು ದೊಡ್ಡದು ಮಾಡೀತು, ಮುಖವನ್ನು ಹತ್ತಿರಕ್ಕೆ ತರಲಾರದು. ಅದಲ್ಲದೆ ಸ್ವಗತವೂ ಜನಾಂತಿಕವೂ ಒಂದೇ ಗಟ್ಟಿದನಿಯಲ್ಲಿ ಕೇಳಿಸಿದರೆ ಅವುಗಳ ಭೇದವೇ ಅಳಿದುಹೋಗುತ್ತದೆ. ಸಂಗೀತಕ್ಕೂ ನೃತ್ಯಕ್ಕೂ ಈ ಮಂಟಪವು ಒಪ್ಪುತ್ತದೆಂಬುದನ್ನು ಮಾತ್ರ ಒಪ್ಪಲೇಬೇಕು. ರಾಗಕ್ಕೆ ವಿಸ್ತಾರವು ಬಾಧಕವಲ್ಲ. ಆಂಗಿಕವು ದೂರಕ್ಕೂ ಕಾಣುತ್ತದೆ.

ಆದುದರಿಂದ ಈ ಕಟ್ಟಡವನ್ನು ಇದ್ದಂತೆಯೇ ಕಾಪಾಡುವುದು ಧರ್ಮ. ಹೊಸ ರಂಗಮಂದಿರಗಳಿಗೆ ಮಾದರಿಯಾಗಿ ಹಿಡಿಯುವುದು ಪ್ರಮಾದ. ತಾಲ್ಲೂಕಿನ ಊರುಗಳಲ್ಲಿ ಭವನವೊಂದನ್ನು ಯೋಜಿಸುವಾಗ ಮೊದಲು ಕೇಳುವುದು ಆಸನಗಳೆಷ್ಟೆಂದು. ಕಟ್ಟುವುದು ಸಭೆಗಾಗಿ, ಕೊಡುವುದು ನಾಟಕಕ್ಕೆ. ರಾಜನ ಓಲಗವು ಹೋಗಿ ಅತಿಥಿಗಳ ಸಮಾರಂಭವು ಬಂದಿತೆಂಬುದೊಂದೇ ವ್ಯತ್ಯಾಸ. ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಮೊದಲುಮಾಡಿದ ರಂಗಾಯಣದ ‘ಭೂಮಿಗೀತ’ವು ಚಿಕ್ಕ ಮನೆ, ನಟನ ಉಸಿರೂ ಅಲ್ಲಿ ಕೇಳಿಸುತ್ತದೆ. ಭರತನ ಆಶಯಕ್ಕೆ ಅದೇ ಸಮೀಪವಾದುದು.

ಸುತ್ತೂರಿನ ಜಾತ್ರೆಯಲ್ಲಿ ಪೌರಾಣಿಕ ನಾಟಕಗಳನ್ನು ಆಡುವ ಹಳ್ಳಿಯ ಕಲಾವಿದರು ಹಗಲು ಹೊಲದಲ್ಲಿ ದುಡಿದು, ರಾತ್ರಿ ಮಾತನ್ನು ಬಾಯಿಪಾಠ ಮಾಡಿದವರು. ಇಂಥವರಿಗೆ ದೊಡ್ಡ ಛಾವಣಿಗಿಂತ, ಮುಖವು ಕಾಣುವಷ್ಟು ಹತ್ತಿರದಲ್ಲಿ ಕುಳಿತ ನೂರಾರು ಮಂದಿ ಸಹೃದಯರು ಹೆಚ್ಚಿನವರು. ಕಪಿಲೆಯ ತೀರದ ಊರುಗಳಲ್ಲಿ ಮುಂದೆ ರಂಗಶಾಲೆಯನ್ನು ಕಟ್ಟುವವರು ಆಸನಗಳನ್ನು ಎಣಿಸುವ ಮೊದಲು ಕೊನೆಯ ಸಾಲಿನ ದೂರವನ್ನು ಅಳೆಯಲಿ.