ಮಂಜು ಏನಾದಳು?

ಮೀರಾ ನಾಯರ್ ಅವರ 'ಸಲಾಂ ಬಾಂಬೆ' 1988ರ ಚಿತ್ರ. ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು, ಆಸ್ಕರ್ ಸ್ಪರ್ಧೆಗೂ ಹೋಯಿತು. ಚಹಾ ಹಂಚುವ ಕೃಷ್ಣನಾಗಿ ನಟಿಸಿದ ಶಫೀಕ್ ಸಯ್ಯದ್ ನಮ್ಮ ಬೆಂಗಳೂರಿನ ಹುಡುಗನೆಂಬ ಹೆಮ್ಮೆ ಬೇರೆ. ಚಿತ್ರ ನೋಡಿದವರೆಲ್ಲ ಕೃಷ್ಣನ ಮಾತೇ ಆಡುತ್ತಾರೆ. ನನ್ನನ್ನು ಕಾಡುವವಳು ಮಂಜು.

ಮದುವೆಮನೆಯ ಕೆಲಸ ಮುಗಿಸಿ ಮಕ್ಕಳು ರಾತ್ರಿ ಬೀದಿಯಲ್ಲಿ ಬರುತ್ತಿರುತ್ತಾರೆ. ಪೊಲೀಸರು ಬಂದಾಗ ಉಳಿದವರು ಓಡುತ್ತಾರೆ. ಕೃಷ್ಣ, ಪುಟ್ಟ ಮಂಜು ಸಿಕ್ಕಿಬೀಳುತ್ತಾರೆ. ಆ ರಾತ್ರಿ ಇಬ್ಬರೂ ಏನನ್ನೂ ಕದ್ದವರಲ್ಲ. ಆದರೂ ಸೇರಿದ್ದು ಸರ್ಕಾರಿ ಮಕ್ಕಳ ಮನೆಗೆ, ನಮ್ಮ ಕಡೆ ರಿಮ್ಯಾಂಡ್ ಹೋಮ್ ಎನ್ನುತ್ತಿದ್ದರಲ್ಲ, ಅಂಥದ್ದಕ್ಕೆ. ಕೃಷ್ಣ ಅಲ್ಲಿಂದ ತಪ್ಪಿಸಿಕೊಂಡು ಬರುತ್ತಾನೆ. ಮಂಜುವನ್ನು ಕೇಳಿಕೊಂಡು ತಾಯಿ ರೇಖಾ ಹೋದರೆ, ನೀನು ವೇಶ್ಯೆ, ಮಗಳನ್ನು ಕೊಡುವುದಿಲ್ಲ ಎಂಬರ್ಥದ ಉತ್ತರ. ಹುಡುಗ ಅವರ ಕಣ್ಣಿಗೆ ಬೀದಿಯ ಪೋಲಿ, ಅಷ್ಟೆ. ಹುಡುಗಿಯ ವಿಷಯ ಬಂದಾಗ ನಡತೆಯ ಲೆಕ್ಕ ಶುರುವಾಯಿತು, ಅದೂ ತಾಯಿಯ ನಡತೆ!

ಇದು ನಿರ್ದೇಶಕಿಯ ಕಲ್ಪನೆಯಲ್ಲ. ವೇಶ್ಯೆಯ ಜೊತೆ ವಾಸಿಸುವ ಮಗುವನ್ನು 1986ರ ಬಾಲ ನ್ಯಾಯ ಕಾಯ್ದೆ 'ನಿರ್ಲಕ್ಷಿತ' ಎಂದೇ ಕರೆದಿತ್ತು. ಪೊಲೀಸರು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಕಾಯ್ದೆಯಲ್ಲಿ ಗಂಡು ಹದಿನಾರರವರೆಗೆ, ಹೆಣ್ಣು ಹದಿನೆಂಟರವರೆಗೆ ಮಗು. ಹೆಣ್ಣಿಗೆ ಎರಡು ವರ್ಷ ಹೆಚ್ಚು ರಕ್ಷಣೆ ಎಂದು ಸಂತೋಷಪಡುವಂತಿರಲಿಲ್ಲ. ರಕ್ಷಣೆಯ ಹೆಸರಿನಲ್ಲಿ ಹಿಡಿದಿಡಲೂ ಎರಡು ವರ್ಷ ಹೆಚ್ಚು ಸಿಕ್ಕಿತಲ್ಲ! 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. ಈಗಿರುವ 2015ರ ಕಾಯ್ದೆಯಂತೆ ಅಪರಾಧದ ಆರೋಪದ ಮೇಲೆ ಹಿಡಿದ ಯಾವ ಮಗುವನ್ನೂ ಲಾಕಪ್ಪಿನಲ್ಲಿ ಇಡಕೂಡದು, ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಕಾಗದದ ಮೇಲೆ ಸಮ ಮಾಡುವುದು ಸುಲಭ. ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋದ ಹುಡುಗನನ್ನು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಕೇಳುವುದು, "ಯಾಕೋ ಹೋದೆ?" ಹುಡುಗಿಯಾದರೆ, "ಯಾರ ಜೊತೆ ಹೋಗಿದ್ದೆ?" ಠಾಣೆಯಲ್ಲಿರುವವರೂ ಇಂಥ ಶಾಲೆಗಳಲ್ಲೇ ಓದಿದವರು ತಾನೆ? ಗಂಡುಮಕ್ಕಳು ಸುಖವಾಗಿದ್ದಾರೆ ಎನ್ನುತ್ತಿಲ್ಲ. ಲಾಠಿ ಮೊದಲು ಬೀಳುವುದು ಅವರ ಬೆನ್ನಿಗೇ. ಆದರೆ ಏಟು ತಿಂದ ಹುಡುಗ ಮನೆಗೆ ಬಂದರೆ ಊರು ಮರೆಯುತ್ತದೆ. ಒಂದು ರಾತ್ರಿ ಹೊರಗೆ ಉಳಿದ ಹುಡುಗಿಯನ್ನು ಮನೆಯವರೇ ಒಳಗೆ ಕರೆಯಲು ಹಿಂದೆಮುಂದೆ ನೋಡುತ್ತಾರೆ.

ಚಿತ್ರದ ಬಗ್ಗೆ ನನ್ನ ತಕರಾರು ಒಂದೇ. ಇಷ್ಟು ಕಂಡ ನಿರ್ದೇಶಕಿಯ ಕ್ಯಾಮೆರಾ ಕೂಡ ಹೆಚ್ಚಾಗಿ ಹುಡುಗನ ಹಿಂದೆಯೇ ಓಡುತ್ತದೆ. ಮಂಜು ಎಷ್ಟು ವರ್ಷ ಅಲ್ಲೇ ಇದ್ದಳು, ಹದಿನೆಂಟು ತುಂಬಿದ ದಿನ ಯಾರ ಮನೆ ಬಾಗಿಲಿಗೆ ಹೋಗಿ ನಿಂತಳು ಎಂಬುದನ್ನು ಚಿತ್ರ ಹೇಳುವುದಿಲ್ಲ.