ಗೋಡೆ ಬರಹದ ಗಂಡಸ್ತನ

ನಮ್ಮ ರಾಜ್ಯದ ಯಾವ ಬಸ್ ನಿಲ್ದಾಣಕ್ಕೆ ಹೋದರೂ ಒಂದು ಬಗೆಯ ಬರಹ ತಪ್ಪದೆ ಕಣ್ಣಿಗೆ ಬೀಳುತ್ತದೆ. ಮೂತ್ರಾಲಯದ ಗೋಡೆ, ವಿದ್ಯುತ್ ಕಂಬ, ರೈಲು ಹಳಿ ಬದಿಯ ಕಾಂಪೌಂಡು, ಅಗ್ಗದ ವಾರಪತ್ರಿಕೆಯ ಹಿಂಬದಿಯ ಪುಟ ಇವೇ ಅದರ ಪ್ರಕಾಶನ ಸಂಸ್ಥೆಗಳು. ಗುಪ್ತ ಸಮಸ್ಯೆಯೇ, ನಿರಾಶರಾಗಬೇಡಿ. ಯೌವನದ ತಪ್ಪುಗಳಿಂದ ಬಲಹೀನರಾಗಿದ್ದೀರಾ. ಕಳೆದುಹೋದ ಪುರುಷತ್ವವನ್ನು ಮರಳಿ ಪಡೆಯಿರಿ. ಇಂಥ ನಾಲ್ಕು ಸಾಲು, ಕೆಳಗೊಂದು ಮೊಬೈಲ್ ನಂಬರು, ಲಾಡ್ಜೊಂದರ ಹೆಸರು, ಭೇಟಿಯ ದಿನ. ಮಕ್ಕಳ ಕೈ ಹಿಡಿದು ನಡೆಯುವ ನಾವು ಅದನ್ನು ಓದಿಯೂ ಓದದವರಂತೆ ಮುಂದೆ ಸಾಗುತ್ತೇವೆ. ಆದರೆ ಲೈಂಗಿಕ ಆರೋಗ್ಯದ ಕುರಿತು ನಮ್ಮ ಗಂಡಸರು ಅತಿ ಹೆಚ್ಚು ಓದಿರುವ ಬರಹ ಬಹುಶಃ ಇದೇ. ಕಾದಂಬರಿಗೆ, ಸಿನಿಮಾಕ್ಕೆ ವಿಮರ್ಶೆ ಬರೆಯುವ ನಾವು ಇದನ್ನು ಮಾತ್ರ ಏಕೆ ಬಿಟ್ಟಿದ್ದೇವೆ?

ಈ ಬರಹದ ಜಾಣತನ ಇರುವುದು ಅದು ರೋಗದ ಹೆಸರನ್ನು ಹೇಳದಿರುವುದರಲ್ಲಿ. ಶಿಶ್ನ ನಿಮಿರದಿರುವುದು, ಬೇಗನೆ ಸ್ಖಲನವಾಗುವುದು, ನಿದ್ದೆಯಲ್ಲಿ ಸ್ಖಲನವಾಗುವುದು, ಮಕ್ಕಳಾಗದಿರುವುದು ಎಲ್ಲವನ್ನೂ ಅದು ಒಂದೇ ಚೀಲಕ್ಕೆ ತುಂಬಿ 'ಪುರುಷ ದೌರ್ಬಲ್ಯ' ಎಂಬ ಚೀಟಿ ಅಂಟಿಸುತ್ತದೆ. ಇವು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಸಂಗತಿಗಳಾಗಿರಬಹುದು; ಸ್ವಪ್ನಸ್ಖಲನವಂತೂ ರೋಗವೇ ಅಲ್ಲ. ಆದರೆ ಚೀಲ ದೊಡ್ಡದಾದಷ್ಟೂ ಗಿರಾಕಿ ಹೆಚ್ಚು. 'ಯೌವನದ ತಪ್ಪು' ಎಂಬ ಮಾತಂತೂ ಹದಿನೆಂಟರ ಹುಡುಗನ ಎದೆಗೆ ನೇರ ನಾಟುತ್ತದೆ. ಹಸ್ತಮೈಥುನ ಸರಿಯೋ ತಪ್ಪೋ ಎಂಬುದು ಧರ್ಮ ಮತ್ತು ನೀತಿಯ ಪ್ರಶ್ನೆ, ಅದನ್ನು ವಿದ್ವಾಂಸರು ಹೇಳಲಿ. ಅದರಿಂದ ನರ ಸತ್ತು ಗಂಡಸು ಮದುವೆಗೆ ಅಯೋಗ್ಯನಾಗುತ್ತಾನೆ ಎಂಬುದು ಮಾತ್ರ ಶುದ್ಧ ಸುಳ್ಳು. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಖರ್ಚಾಗುತ್ತದೆ ಎನ್ನುವವರಿದ್ದಾರೆ, ಅರವತ್ತು ಎನ್ನುವವರಿದ್ದಾರೆ, ನೂರು ಎನ್ನುವವರೂ ಇದ್ದಾರೆ. ಲೆಕ್ಕ ಹೀಗೆ ಅವರವರ ಇಷ್ಟದಂತೆ ಬದಲಾಗುವುದೇ ಅದರ ಸತ್ಯಾಸತ್ಯತೆಗೆ ಸಾಕ್ಷಿ. ಧಾತು ಹೋಗುತ್ತಿದೆ ಎಂಬ ಈ ಭಯದಿಂದಲೇ ಸೊರಗಿ, ನಿದ್ದೆಗೆಟ್ಟು ಬರುವ ಯುವಕರನ್ನು ಕಂಡು ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿ ಆ ಸ್ಥಿತಿಗೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಭಯಪಟ್ಟವನಿಗೆ ಮೊದಲ ರಾತ್ರಿ ದೇಹ ಸಹಕರಿಸದಿದ್ದರೆ ಆಶ್ಚರ್ಯವೇನು? ಹೀಗೆ ಗೋಡೆ ಬರಹ ಮೊದಲು ರೋಗವನ್ನು ಮಾರುತ್ತದೆ, ಬಳಿಕ ಔಷಧಿಯನ್ನು.

ಇನ್ನು ಆ ಜಾಹೀರಾತಿನ ಚಿತ್ರ. ಅನೇಕ ಕಡೆ ಅದರಲ್ಲಿ ಟೋಪಿ, ಗಡ್ಡದ ಹಕೀಮರೊಬ್ಬರು ಕುಳಿತಿರುತ್ತಾರೆ. ಮುಸ್ಲಿಮರಾದ ನಾವು ಇದನ್ನು ನಗೆಯಾಡಿ ಬಿಡುವಂತಿಲ್ಲ. ನಾಡಿ ಹಿಡಿದು, ರೋಗಿಯ ಆಹಾರ, ನಿದ್ದೆ, ಮನಸ್ಥಿತಿಯನ್ನು ವಿಚಾರಿಸಿ ಚಿಕಿತ್ಸೆ ಹೇಳುತ್ತಿದ್ದ ಯೂನಾನಿ ಪರಂಪರೆಯನ್ನು, ಇಬ್ನು ಸೀನಾರಂಥವರು ಶತಮಾನಗಳ ಹಿಂದೆ ಗ್ರಂಥಸ್ಥಗೊಳಿಸಿದ ಒಂದು ಶಾಸ್ತ್ರವನ್ನು, ಲಾಡ್ಜಿನ ಕೋಣೆಯ ವ್ಯಾಪಾರಕ್ಕೆ ಬಾಡಿಗೆಗೆ ಕೊಟ್ಟಂತಾಗಿದೆ. ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆ ಕಾಯ್ದೆ ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಹೇಳುವ ಔಷಧಿಯ ಜಾಹೀರಾತನ್ನೇ ನಿಷೇಧಿಸುತ್ತದೆ. ಈ ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಯೂನಾನಿಯ ದೊಡ್ಡ ಹೆಸರಾದ ಹಮ್‌ದರ್ದ್ ದವಾಖಾನೆಯೂ ಇತ್ತು. 1959ರ ತೀರ್ಪು ಕಾಯ್ದೆಯ ಕೆಲವು ಭಾಗಗಳನ್ನು ರದ್ದುಪಡಿಸಿತಾದರೂ, ಇಂಥ ಜಾಹೀರಾತನ್ನು ವಾಕ್ ಸ್ವಾತಂತ್ರ್ಯವೆಂದು ಒಪ್ಪಲಿಲ್ಲ. ಅಂದಿನಿಂದ ಇಂದಿನವರೆಗೆ ಗೋಡೆಗಳು ಮಾತ್ರ ತೀರ್ಪನ್ನು ಓದಿಲ್ಲ.

ಗೋಡೆಯವರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ನಮ್ಮ ಭಾಷೆಯೇ ಅವರಿಗೆ ಬಂಡವಾಳ ಒದಗಿಸಿದೆ. ಈ ತೊಂದರೆಗೆ ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳು ಯಾವುವು? ಷಂಡತನ, ನಪುಂಸಕತ್ವ. ಎರಡೂ ಬೈಗುಳಗಳು. ಶಾಲೆಯ ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಕಲಿತ ಮಗು ಮೂರನೆಯದಾಗಿ ಕಲ್ಲು, ಮರ, ಮೇಜುಗಳಿಗೆ ನಪುಂಸಕಲಿಂಗ ಎಂದು ಕಲಿಯುತ್ತದೆ. ಅದೇ ಪದವನ್ನು ಒಬ್ಬ ರೋಗಿಯ ಮೇಲೆ ಹಾಕಿದರೆ 'ಅವನು' ಎಂಬುವವನು 'ಅದು' ಆಗಿಬಿಡುತ್ತಾನೆ. ಸಕ್ಕರೆ ಕಾಯಿಲೆ ಬಂದವನಿಗೆ ಕಾಯಿಲೆ 'ಇದೆ' ಎನ್ನುತ್ತೇವೆ, ಇವನು ಮಾತ್ರ ನಪುಂಸಕ 'ಆಗಿದ್ದಾನೆ'. ಅಧಿಕಾರಿ ಕೆಲಸ ಮಾಡದಿದ್ದರೆ ಪ್ರತಿಭಟನೆಕಾರರು ಬಳೆ ಕೊಡುತ್ತಾರೆ, ವಿಪಕ್ಷದವರು ಆಡಳಿತವನ್ನು ಷಂಡ ಸರಕಾರ ಎನ್ನುತ್ತಾರೆ. ಇದರಲ್ಲಿ ರೋಗಿಗೂ ಅವಮಾನ, ಹೆಣ್ಣಿಗೂ ಅವಮಾನ, ಮಂಗಳಮುಖಿಯರಿಗಂತೂ ಹೇಳುವುದೇ ಬೇಡ. 1998ರಲ್ಲಿ ಪೋಖ್ರಾನಿನಲ್ಲಿ ಬಾಂಬು ಸಿಡಿಸಿದಾಗ ಶಿವಸೇನೆಯ ಬಾಳ್ ಠಾಕ್ರೆಯವರು ನಾವು ಇನ್ನು ನಪುಂಸಕರಲ್ಲ ಎಂಬ ಅರ್ಥದ ಮಾತಾಡಿದ್ದರು. ಒಂದು ದೇಶವೇ ತನ್ನ ಗಂಡಸ್ತನವನ್ನು ಬಾಂಬಿನಿಂದ ಸಾಬೀತುಪಡಿಸಬೇಕೆಂದು ದೊಡ್ಡವರೇ ಹೇಳುವಾಗ, ಹಾಸಿಗೆಯಲ್ಲಿ ಸೋತ ಒಬ್ಬ ಗುಮಾಸ್ತ ಯಾರ ಬಳಿ ಹೋಗಿ ಹೇಳಿಕೊಳ್ಳಬೇಕು? ಇಂಗ್ಲಿಷಿನಲ್ಲೂ 'ಇಂಪೊಟೆನ್ಸ್' ಎಂಬ ಕೀಳುಪದವೇ ಇತ್ತು. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಅದನ್ನು ಬಿಟ್ಟು 'ಇರೆಕ್ಟೈಲ್ ಡಿಸ್‌ಫಂಕ್ಷನ್' ಎನ್ನಬೇಕೆಂದು ಶಿಫಾರಸು ಮಾಡಿತು. ಕನ್ನಡದಲ್ಲಿ ಡಾ. ಅನುಪಮಾ ನಿರಂಜನರು 'ದಾಂಪತ್ಯ ದೀಪಿಕೆ' ಬರೆದರು, ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಸರಳ ಭಾಷೆಯಲ್ಲಿ ಬರೆಯುತ್ತಾ ಬಂದಿದ್ದಾರೆ. ಆದರೂ ಬೈಗುಳವಲ್ಲದ ಒಂದು ಪದ ನಮ್ಮ ಮನೆಮಾತಾಗಿಲ್ಲ. ನಿಮಿರುವಿಕೆಯ ತೊಂದರೆ ಎಂದರೆ ಸಾಕಲ್ಲವೇ?

ಹಾಗೆಂದೊಡನೆ ವಿಷಯ ಎಷ್ಟು ಸರಳವಾಗುತ್ತದೆ ನೋಡಿ. ನಿಮಿರುವಿಕೆ ಎಂದರೆ ಮೂಲತಃ ರಕ್ತ ಹರಿಯುವ ಕೆಲಸ. ಮಿದುಳಿನ ಸಂದೇಶ ನರಗಳ ಮೂಲಕ ಬಂದಾಗ ಶಿಶ್ನದ ರಕ್ತನಾಳಗಳು ಸಡಿಲಗೊಂಡು ರಕ್ತ ತುಂಬಿ ನಿಲ್ಲಬೇಕು. ನರ, ನಾಳ, ಹಾರ್ಮೋನು, ಮನಸ್ಸು, ಇವುಗಳಲ್ಲಿ ಎಲ್ಲಿ ತಡೆಯಾದರೂ ಕೆಲಸ ಕೆಡುತ್ತದೆ. ಮಧುಮೇಹ ನರ ಮತ್ತು ನಾಳ ಎರಡನ್ನೂ ಕೆಡಿಸುತ್ತದೆ; ಅಧಿಕ ರಕ್ತದೊತ್ತಡ, ಧೂಮಪಾನ, ಕೊಲೆಸ್ಟ್ರಾಲ್ ನಾಳವನ್ನು ಬಿರುಸಾಗಿಸುತ್ತವೆ. ರಕ್ತದೊತ್ತಡ ಮತ್ತು ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಇದು ಬರಬಹುದು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ. ಇದು ಅಪರೂಪದ ಶಾಪವೂ ಅಲ್ಲ. ಅಮೆರಿಕದ ಬಾಸ್ಟನ್ ಆಸುಪಾಸಿನಲ್ಲಿ 40ರಿಂದ 70 ವಯಸ್ಸಿನ ಗಂಡಸರನ್ನು ಕೇಳಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 52ರಷ್ಟು ಮಂದಿಗೆ ಈ ತೊಂದರೆ ಅಲ್ಪವೋ ಅಧಿಕವೋ ಇತ್ತು. ಸಂಪೂರ್ಣವಾಗಿ ಇದ್ದವರು ಸುಮಾರು ಶೇ. 10. ಹಾಗಿದ್ದರೆ ಇದು ವಯಸ್ಸಿನ ಸಹಜ ಫಲ, ಸುಮ್ಮನಿರಬಹುದು ಎನ್ನುವವರೂ ಇದ್ದಾರೆ. ಅದೂ ತಪ್ಪು. ವಯಸ್ಸಿನೊಂದಿಗೆ ಹೆಚ್ಚುತ್ತದೆ ನಿಜ, ಆದರೆ ಹಿಂದೆ ಕಾರಣವೊಂದು ಇರುತ್ತದೆ.

ಆ ಕಾರಣ ಹೃದಯದ್ದಾಗಿರಬಹುದು ಎಂಬುದೇ ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಮಾತು. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲದ್ದು, ಹೃದಯದ್ದು ಮೂರು-ನಾಲ್ಕು ಮಿಲಿಮೀಟರಿನದು. ಕೊಬ್ಬು ಕಟ್ಟಿಕೊಳ್ಳುವ ರೋಗ ಶುರುವಾದರೆ ಸಣ್ಣ ಕೊಳವೆಯಲ್ಲಿ ಅದರ ಪರಿಣಾಮ ಮೊದಲು ಕಾಣಬೇಕಲ್ಲವೇ? ಎದೆನೋವು ಬರುವ ಎರಡು ಮೂರು ವರ್ಷ ಮೊದಲೇ ಹಾಸಿಗೆಯಲ್ಲಿ ತೊಂದರೆ ಕಾಣಿಸಿಕೊಂಡಿರುವುದನ್ನು ಹೃದಯ ತಜ್ಞರು ಅನೇಕರಲ್ಲಿ ಗುರುತಿಸಿದ್ದಾರೆ. ದೇಹ ಇಷ್ಟು ಮುಂಚಿತವಾಗಿ ಕೊಡುವ ಎಚ್ಚರಿಕೆಯನ್ನು ನಾವು ಗಂಡಸ್ತನದ ಪ್ರಶ್ನೆ ಮಾಡಿಕೊಂಡು ಬಚ್ಚಿಡುತ್ತೇವೆ.

ಎಲ್ಲರದ್ದೂ ಹೃದಯದ ಸಮಸ್ಯೆಯೆಂದು ಹೆದರಬೇಕಾಗಿಲ್ಲ. ನಿದ್ದೆಯಲ್ಲಿ, ಬೆಳಗ್ಗೆ ಏಳುವಾಗ ನಿಮಿರುವಿಕೆ ಮೊದಲಿನಂತೆ ಇದ್ದು ಹೆಂಡತಿಯ ಬಳಿ ಮಾತ್ರ ಆಗದಿದ್ದರೆ ಮನಸ್ಸಿನ ಒತ್ತಡವೇ ಕಾರಣವಾಗಿರುವ ಸಂಭವ ಹೆಚ್ಚು. ಒಂದೆರಡು ರಾತ್ರಿ ಹೀಗಾಗುವುದು ರೋಗವೇ ಅಲ್ಲ. ಹಿಂದಿಯ 'ಶುಭ್ ಮಂಗಳ್ ಸಾವಧಾನ್' ಎಂಬ 2017ರ ಚಿತ್ರ ಇದೇ ವಸ್ತುವಿನದು. ಆರ್.ಎಸ್. ಪ್ರಸನ್ನ ತಮ್ಮದೇ 2013ರ ತಮಿಳು ಚಿತ್ರ 'ಕಲ್ಯಾಣ ಸಮಯಲ್ ಸಾದಂ' ಅನ್ನು ಹಿಂದಿಗೆ ತಂದದ್ದು. ಮದುವೆ ನಿಶ್ಚಯವಾದ ಮುದಿತ್‌ಗೆ ಈ ತೊಂದರೆಯಿದೆ. ಬಾಯಿಬಿಟ್ಟು ಹೇಳಲಾಗದೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗಿ ಬಾಗುವುದನ್ನು ಸುಗಂಧಾಳಿಗೆ ತೋರಿಸುತ್ತಾನೆ. ಹುಡುಗಿ ಅವನನ್ನು ಬಿಟ್ಟು ಹೋಗುವುದಿಲ್ಲ. ಮನೆಮಂದಿಯೆಲ್ಲ ಸಭೆ ಸೇರಿ ಅವನ ಖಾಸಗಿ ಸಂಗತಿಯನ್ನು ಚರ್ಚೆಗಿಡುವ ದೃಶ್ಯಗಳಲ್ಲಿ ನಗು ಬರುವುದು ಅವನನ್ನು ನೋಡಿಯಲ್ಲ, ಅವರನ್ನು ನೋಡಿ. ನಮ್ಮ ಸಿನಿಮಾಗಳಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೂ ಚಿತ್ರದಲ್ಲಿ ಈ ತೊಂದರೆಗಿರುವ ಹೆಸರು 'ಜೆಂಟ್ಸ್ ಪ್ರಾಬ್ಲಂ'. ನಾಚಿಕೆಯನ್ನು ತಮಾಷೆ ಮಾಡುವ ಚಿತ್ರವೂ ನಾಚಿಕೆಯ ಪರಿಭಾಷೆಯಿಂದ ಹೊರಗೆ ಬಂದಿಲ್ಲ. ಪ್ರೀತಿ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಅದರ ಒಲವು ಇಪ್ಪತ್ತೈದರ ಮದುಮಗನಿಗೆ ಧೈರ್ಯ ಕೊಡಬಹುದು. ನಲವತ್ತೈದು ದಾಟಿದ, ಹೊಟ್ಟೆ ಬಂದ, ದಿನಕ್ಕೊಂದು ಪ್ಯಾಕು ಸಿಗರೇಟು ಸೇದುವ ಪ್ರೇಕ್ಷಕ ಅದನ್ನು ನೋಡಿ ಮನೆಗೆ ಬಂದು ಏನು ಮಾಡಬೇಕು? ಅವನಿಗೆ ಪ್ರೀತಿಯ ಜೊತೆಗೆ ಒಂದು ಸಕ್ಕರೆ ಪರೀಕ್ಷೆಯೂ ಬೇಕು.

ಅವನು ಮಾಡುವುದೇನೆಂದರೆ, ಯಾರಿಗೂ ಹೇಳದೆ ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಕೇಳುವುದು. ವಯಾಗ್ರ ಎಂದು 1998ರಲ್ಲಿ ಹೆಸರಾದ ಸಿಲ್ಡೆನಾಫಿಲ್ ಉತ್ತಮ ಔಷಧಿಯೇ, ವೈದ್ಯರ ಚೀಟಿಯ ಮೇಲೆ ಕೊಡಬೇಕಾದದ್ದು. ಅದು ಕಾಮವನ್ನು ಹುಟ್ಟಿಸುವುದಿಲ್ಲ, ಇರುವ ಬಯಕೆಗೆ ರಕ್ತದ ಹರಿವನ್ನು ಸುಲಭಗೊಳಿಸುತ್ತದೆ ಅಷ್ಟೆ. ಆದರೆ ಎದೆನೋವಿಗೆ ನಾಲಿಗೆಯಡಿ ಸಾರ್ಬಿಟ್ರೇಟ್ ಇಟ್ಟುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಗಿಡಮೂಲಿಕೆಯೆಂದು ಮಾರುವ ಪುಡಿ, ಲೇಹಗಳಲ್ಲಿ ಇದೇ ರಾಸಾಯನಿಕ ಬೆರೆತಿರುವುದು ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಅಡ್ಡ ಪರಿಣಾಮವಿಲ್ಲ ಎಂದು ತಿಂದವನಿಗೆ ತಾನು ತಿಂದದ್ದೇನೆಂದೇ ಗೊತ್ತಿರುವುದಿಲ್ಲ.

ಇಷ್ಟೆಲ್ಲದರ ನಡುವೆ ಹೆಂಡತಿ ಎಲ್ಲಿದ್ದಾಳೆ? ಗೋಡೆ ಬರಹದಲ್ಲಿ ಅವಳು ತೃಪ್ತಿಪಡಿಸಬೇಕಾದ ಒಂದು ವಸ್ತು. ಮನೆಯಲ್ಲಿ ಅವಳು ಬಂಜೆ. ನಿಮಿರುವಿಕೆಯ ತೊಂದರೆಯೂ ಸಂತಾನಹೀನತೆಯೂ ಒಂದೇ ಅಲ್ಲ. ತೊಂದರೆ ಇರುವವನ ವೀರ್ಯ ಸರಿಯಾಗಿಯೇ ಇರಬಹುದು, ಏನೂ ತೊಂದರೆಯಿಲ್ಲದವನ ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿರಬಹುದು. ನಾನು ಗಂಡಸು, ನನಗೇಕೆ ಪರೀಕ್ಷೆ ಎಂಬ ಒಂದೇ ಮಾತಿನಿಂದ ಎಷ್ಟು ಹೆಣ್ಣುಮಕ್ಕಳು ಆಸ್ಪತ್ರೆಯಿಂದ ಆಸ್ಪತ್ರೆಗೆ, ಹರಕೆಯಿಂದ ಹರಕೆಗೆ ಅಲೆದಿಲ್ಲ! ಎರಡನೇ ಮದುವೆಯ ಮಾತೂ ಅಲ್ಲಿಂದಲೇ ಶುರುವಾಗುತ್ತದೆ.

ಈ ಮೌನವನ್ನು ಲಜ್ಜೆಯೆಂದೂ, ಲಜ್ಜೆಯನ್ನು ಧರ್ಮವೆಂದೂ ಹೇಳುವವರಿಗೆ ಒಂದು ಪ್ರಸಂಗ ನೆನಪಿಸಬೇಕು. ತನ್ನ ಪತಿಯಲ್ಲಿ ಈ ಕೊರತೆಯಿದೆ ಎಂದು ಮಹಿಳೆಯೊಬ್ಬರು ಪ್ರವಾದಿಯವರ(ಸ) ಮುಂದೆ ಬಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ಬುಖಾರಿಯಲ್ಲಿದೆ. ಬಾಗಿಲ ಬಳಿಯಿದ್ದವರೊಬ್ಬರು, ಈಕೆಯನ್ನು ಗದರಿಸಬಾರದೇ ಎಂದು ಅಬೂಬಕರ್‌ರನ್ನು(ರ) ಕೂಗಿ ಕೇಳಿದರು. ಪ್ರವಾದಿಯವರು(ಸ) ಮುಗುಳ್ನಕ್ಕರಷ್ಟೇ. ಮುಂದೆ ಹನಫಿ, ಶಾಫಿಈ ಕರ್ಮಶಾಸ್ತ್ರಗಳೆರಡೂ ಇಂಥ ದೂರು ಬಂದಾಗ ಗಂಡನಿಗೆ ಒಂದು ವರ್ಷದ ಗಡುವು ಕೊಡಬೇಕೆಂದವು. ಸೆಕೆಯೋ ಚಳಿಯೋ ಕಾರಣವಾಗಿದ್ದರೆ ನಾಲ್ಕು ಋತು ಕಳೆಯುವಷ್ಟರಲ್ಲಿ ಗುಣವಾಗಲಿ ಎಂಬುದು ಫಕೀಹರ ತರ್ಕ. ವೈದ್ಯಕೀಯವಾಗಿ ಇಂದು ಈ ತರ್ಕ ಹಳತಾಗಿರಬಹುದು, ಆದರೆ ಅದರಲ್ಲಿ ಬೈಗುಳವಿಲ್ಲ. ಇದು ಬದಲಾಗಬಹುದಾದ ಸ್ಥಿತಿ, ಕಾದು ನೋಡೋಣ, ಆಗದಿದ್ದರೆ ಹೆಣ್ಣಿಗೆ ಬಿಡುಗಡೆಯ ಹಕ್ಕಿದೆ ಎಂಬ ನಿಲುವಿದೆ. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯೂ ಹೆಂಡತಿಗೆ ಈ ಹಕ್ಕನ್ನೂ, ಗಂಡ ಕೇಳಿದರೆ ಅವನಿಗೆ ಒಂದು ವರ್ಷದ ಅವಕಾಶವನ್ನೂ ಕೊಟ್ಟಿದೆ. ಮದುವೆಗೆ ಮುಂಚೆ ಇಷ್ಟನ್ನು ಹೇಳಿಕೊಡುವ ಜಮಾಅತ್‌ಗಳು ಎಷ್ಟಿವೆ?

ನಮ್ಮ ಪರಿಚಯದ ಅಂಗಡಿ ಮಾಲೀಕರೊಬ್ಬರಿಗೆ ಐವತ್ತರ ಹೊಸ್ತಿಲಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಬೇಕಾಯಿತು. ಇನ್ನು ಯಾವ ಮಾತ್ರೆ ಔಷಧಿ ತಿನ್ನುತ್ತಿದ್ದೀರಿ ಎಂದು ವೈದ್ಯರು ಕೇಳಿದಾಗ ಅವರು ತಲೆ ತಗ್ಗಿಸಿದರಂತೆ. ಬೀರುವಿನಲ್ಲಿ ಬಟ್ಟೆಯಡಿ ಲೇಹದ ಡಬ್ಬಿ ಸಿಕ್ಕಿತು. ಊರಿಗೆ ತಿಂಗಳಿಗೊಮ್ಮೆ ಬರುವ ಹಕೀಮರಿಂದ ಎರಡು ವರ್ಷ ಕೊಂಡದ್ದು. ಅಷ್ಟು ದಿನದಲ್ಲಿ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಹೆಂಡತಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, "ಇದಾ? ನಾನು ನಿಮಗೆ ಬೇರೆ ಯಾರೋ ಇದ್ದಾಳೆ ಅಂದ್ಕೊಂಡಿದ್ದೆ" ಎಂದರಂತೆ.