‘ನರಗಳ ಬಿರುಗಾಳಿ’ ಎಂಬ ರೂಪಕವೂ ಅರೆತಲೆನೋವಿನ ವಂಶವಿಚಾರವೂ

ಎಡ್ವರ್ಡ್ ಲಿವಿಂಗ್ ಎಂಬ ಆಂಗ್ಲ ವೈದ್ಯನು ಅರೆತಲೆನೋವನ್ನೂ ಅದರ ಬಳಗದ ವ್ಯಾಧಿಗಳನ್ನೂ ಕುರಿತು ೧೮೭೩ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಗ್ರಂಥವು ವೈದ್ಯಶಾಸ್ತ್ರಕ್ಕೆ ಸೇರಿದುದಾದರೂ ಸಾಹಿತ್ಯವಿಮರ್ಶಕರ ಅವಲೋಕನಕ್ಕೂ ಅರ್ಹವಾದುದು. ಏಕೆಂದರೆ ಅದರ ಸಿದ್ಧಾಂತವೆಲ್ಲವೂ ಒಂದು ರೂಪಕದ ಮೇಲೆ ನಿಂತಿದೆ. ಮೋಡ ಕವಿದು, ಸಿಡಿದು, ಸುರಿದು, ತಿಳಿಯಾಗುವ ಬಿರುಗಾಳಿಯಂತೆ ನರಮಂಡಲದಲ್ಲಿ ಸಂಚಿತವಾದ ಒತ್ತಡವು ಆಗಾಗ ಹೊರಹೊಮ್ಮುವುದೆಂದೂ, ಅರೆತಲೆನೋವು, ಅಪಸ್ಮಾರ, ಉಬ್ಬಸ ಮೊದಲಾದುವು ಆ ಒಂದೇ ಗಾಳಿಯ ಭಿನ್ನರೂಪಗಳೆಂದೂ ಗ್ರಂಥಕರ್ತನ ಮತ. ರೂಪಕವು ಅರ್ಥವನ್ನು ಬೆಳಗುವುದೆಂಬುದು ಆಲಂಕಾರಿಕರಿಗೆ ಸಮ್ಮತವೇ. ಅದು ಪ್ರಮಾಣವಾಗಬಲ್ಲದೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ವ್ಯಾಧಿಯು ಮನೆತನವನ್ನು ಹಿಡಿದು ಬರುವುದೆಂಬುದನ್ನು ಲಿವಿಂಗನು ಸ್ಪಷ್ಟವಾಗಿ ಕಂಡಿದ್ದನು. ಆ ಕಾಲದಲ್ಲಿಯೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದ್ದಿತು. ಖಗೋಳಜ್ಞನಾದ ಜಾರ್ಜ್ ಏರಿಯು ತನ್ನ ಕಣ್ಣಿಗೆ ತೋರುತ್ತಿದ್ದ ಅಂಕುಡೊಂಕಿನ ರೇಖೆಗಳನ್ನು ೧೮೬೫ರಲ್ಲಿ ವರ್ಣಿಸಿದನು. ೧೮೭೦ರಲ್ಲಿ ಅವನ ಮಗ ಹ್ಯೂಬರ್ಟ್ ಏರಿಯು ತಾನು ಕಂಡ ಅಂಥವೇ ಆಕೃತಿಗಳನ್ನು ಕೋಟೆಯ ಕೊತ್ತಳಗಳಿಗೆ ಹೋಲಿಸಿ ಚಿತ್ರಿಸಿದನು. ಆದರೆ ತಂದೆಯಿಂದ ಮಗನಿಗೆ ದಾಟಿ ಬಂದ ವಸ್ತುವು ಯಾವುದು? ಅದನ್ನು ಕಾಣುವ ಸಾಧನವು ಆಗ ಇರಲಿಲ್ಲವಾದುದರಿಂದ ಸಾದೃಶ್ಯದಿಂದಲೇ ಬಾಂಧವ್ಯವನ್ನು ಊಹಿಸಬೇಕಾಗಿತ್ತು.

ಈ ಊಹೆಯ ಪರೀಕ್ಷೆ ನಡೆದದ್ದು ಶತಮಾನಕ್ಕೂ ಮಿಕ್ಕ ಕಾಲದ ಮೇಲೆ. ಮೈಯ ಒಂದು ಪಾರ್ಶ್ವವು ತಾತ್ಕಾಲಿಕವಾಗಿ ಬಲಗುಂದುವ ವಿರಳವಾದ ಕೌಟುಂಬಿಕ ಅರೆತಲೆನೋವಿಗೆ, ಹತ್ತೊಂಬತ್ತನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನ ವಿಕೃತಿಯು ಕಾರಣವೆಂದು ೧೯೯೬ರಲ್ಲಿ ತಿಳಿದುಬಂದಿತು. ನರಕೋಶದೊಳಕ್ಕೆ ಕ್ಯಾಲ್ಸಿಯಂ ಹೊಗುವ ದ್ವಾರವೊಂದು ಈ ಜೀನಿನಿಂದ ಆಗುವುದು. ಇದೇ ಜೀನು ಬೇರೆ ಬಗೆಯಲ್ಲಿ ಕೆಟ್ಟರೆ, ನಡಿಗೆಯ ಹಿಡಿತವು ಆಗಾಗ ತಪ್ಪುವ ಇನ್ನೊಂದು ವ್ಯಾಧಿಯುಂಟಾಗುತ್ತದೆ. ೨೦೦೩ರಲ್ಲಿ ಎರಡನೆಯ ಜೀನೂ ೨೦೦೫ರಲ್ಲಿ ಮೂರನೆಯದೂ ಪತ್ತೆಯಾದುವು; ಸೋಡಿಯಂ ದ್ವಾರಕ್ಕೆ ಸಂಬಂಧಿಸಿದ ಆ ಮೂರನೆಯದು ಅಪಸ್ಮಾರದ ಕೆಲವು ಬಗೆಗಳಿಗೂ ಮೂಲ. ಇಷ್ಟರ ಮಟ್ಟಿಗೆ ಲಿವಿಂಗನ ದೃಷ್ಟಿಯು ಗೆದ್ದಿತೆನ್ನಬೇಕು. ಉಬ್ಬಸವನ್ನು ಈ ಬಳಗಕ್ಕೆ ಸೇರಿಸಲು ಮಾತ್ರ ಈ ಮೂರು ಜೀನುಗಳಲ್ಲಿ ಆಧಾರವಿಲ್ಲ.

ಆದರೆ ಆ ರೂಪಕವು ಕೆಲವನ್ನು ಕಾಣಿಸಿದಂತೆ ಕೆಲವನ್ನು ಮರೆಮಾಡಿಯೂ ಇದೆ. ವ್ಯಾಧಿಯ ಮೂಲವನ್ನು ರಕ್ತನಾಳಗಳಲ್ಲಿ ಅರಸಿದವರ ಪಕ್ಷವನ್ನು ಲಿವಿಂಗನು ನಿರಾಕರಿಸಿದನು; ಬಿರುಗಾಳಿಯು ನರಗಳದ್ದೆಂದ ಮೇಲೆ ನಾಳಗಳಿಗೆ ಎಡೆಯೆಲ್ಲಿ? ೧,೦೨,೦೮೪ ರೋಗಿಗಳನ್ನೊಳಗೊಂಡು ೨೦೨೨ರಲ್ಲಿ ಪ್ರಕಟವಾದ ಅಧ್ಯಯನವು ಅರೆತಲೆನೋವಿಗೆ ಸಂಬಂಧಪಟ್ಟ ೧೨೩ ತಾಣಗಳನ್ನು ಮಾನವನ ಜೀನಸಮುಚ್ಚಯದಲ್ಲಿ ಗುರುತಿಸಿತು. ಆ ಸುಳಿವುಗಳು ನರ, ನಾಳ ಎರಡರ ಕಡೆಗೂ ಕೈತೋರುತ್ತವೆ. ಒಂದೊಂದು ತಾಣದ ಪಾಲೂ ಅತ್ಯಲ್ಪ. ಆದುದರಿಂದ ಸಾಮಾನ್ಯ ರೋಗಿಗೆ, ‘ನಿನ್ನ ನೋವಿಗೆ ಈ ಒಂದು ಜೀನೇ ಕಾರಣ’ ಎಂದು ಹೇಳುವಂತಿಲ್ಲ. ವಿರಳ ಕುಟುಂಬಗಳಲ್ಲಿ ಸಿದ್ಧವಾದುದನ್ನು ಎಲ್ಲರಿಗೂ ಅನ್ವಯಿಸುವುದು, ತಾರ್ಕಿಕರ ಮಾತಿನಲ್ಲಿ, ಅತಿವ್ಯಾಪ್ತಿದೋಷ.

ಸುಶ್ರುತಸಂಹಿತೆಯ ‘ಅರ್ಧಾವಭೇದಕ’, ಗ್ರೀಕರ ‘ಹೆಮಿಕ್ರೇನಿಯ’, ನಮ್ಮ ‘ಅರೆತಲೆನೋವು’, ಈ ಮೂರು ಹೆಸರುಗಳೂ ನೋವಿನ ಎಡೆಯನ್ನು ಸೂಚಿಸುತ್ತವೆಯೇ ಹೊರತು ಕಾರಣವನ್ನಲ್ಲ. ಲಿವಿಂಗನು ಹೆಸರನ್ನು ದಾಟಿ ಕಾರಣವನ್ನು ಅರಸಿದನು. ಇದೇ ಗ್ರಂಥದ ಹಿರಿಮೆ. ಶಾಸ್ತ್ರಗದ್ಯವನ್ನು ಬೋಧಿಸುವ ಉಪಾಧ್ಯಾಯರು ಇದನ್ನು ಓದುವಾಗ, ರೂಪಕವು ಎಲ್ಲಿ ಶೋಧನೆಗೆ ದಾರಿ ತೆರೆಯಿತು, ಎಲ್ಲಿ ಅದನ್ನು ಮುಚ್ಚಿತು ಎಂಬುದನ್ನು ಬೇರ್ಪಡಿಸಿ ನೋಡುವುದು ಉಚಿತವೆಂದು ತೋರುತ್ತದೆ.